ಕುರಿ ಹಾಲಿನ ಜೀನ್: ‘ಎ’ಯೋ ‘ಬಿ’ಯೋ ಗುರುತಿಸುವುದು ಹೇಗೆ?

ಟಗರು ಹಾಲು ಕೊಡುವುದಿಲ್ಲ. ಆದರೂ ಅದರ ಹೆಣ್ಣುಮರಿ ಮುಂದೆ ಕೊಡುವ ಹಾಲಿನ ಪ್ರೋಟೀನ್ ಯಾವ ಬಗೆಯದು ಎಂಬುದರ ಅರ್ಧ ಉತ್ತರ ಟಗರಿನ ರಕ್ತದಲ್ಲಿದೆ. ಹಾಲನ್ನಷ್ಟೇ ಪರೀಕ್ಷಿಸಿದರೆ ಟಗರು, ಮರಿ, ಹಾಲು ಬತ್ತಿದ ಕುರಿ ಎಲ್ಲವೂ ಹೊರಗುಳಿಯುತ್ತವೆ. ಆದ್ದರಿಂದ ಡಿಎನ್‌ಎ ಪರೀಕ್ಷೆಯನ್ನೇ ಮಾಡಿ.

ಇಲ್ಲಿ ವಿವರಿಸುತ್ತಿರುವುದು ಹಾಲೊಡಕಿನ ಮುಖ್ಯ ಪ್ರೋಟೀನ್ ಆದ ಬೀಟಾ ಲ್ಯಾಕ್ಟೊಗ್ಲಾಬ್ಯುಲಿನ್ ಪರೀಕ್ಷೆಯನ್ನು. ಇದರ ಜೀನ್ ಕುರಿಯ 3ನೇ ಕ್ರೋಮೊಸೋಮಿನಲ್ಲಿದೆ. (ಹಾಲಿನ ಇನ್ನೊಂದು ಬಗೆಯ ಪ್ರೋಟೀನ್‌ಗಳಾದ ಕೇಸೀನ್‌ಗಳ ನಾಲ್ಕು ಜೀನ್‌ಗಳು 6ನೆಯದರಲ್ಲಿ ಅಕ್ಕಪಕ್ಕದಲ್ಲಿವೆ, ಅವುಗಳ ಪರೀಕ್ಷೆ ಬೇರೆ.) ಪ್ರೋಟೀನಿನ 20ನೇ ಸ್ಥಾನದಲ್ಲಿ ಟೈರೊಸಿನ್ ಇದ್ದರೆ ‘ಎ’, ಹಿಸ್ಟಿಡಿನ್ ಇದ್ದರೆ ‘ಬಿ’. ಜೀನಿನಲ್ಲಿ ಇದು ಒಂದೇ ಅಕ್ಷರದ ವ್ಯತ್ಯಾಸ: ‘ಎ’ಯಲ್ಲಿ ಜಿ-ಟಿ-ಎ-ಸಿ, ‘ಬಿ’ಯಲ್ಲಿ ಜಿ-ಸಿ-ಎ-ಸಿ. ಆರ್‌ಎಸ್‌ಎ-1 ಎಂಬ ಕಿಣ್ವ ಮೊದಲನೆಯದನ್ನು ಮಾತ್ರ ಕತ್ತರಿಸುತ್ತದೆ.

ಹಂತ 1: ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ನಳಿಕೆಯಲ್ಲಿ ರಕ್ತ ತೆಗೆಯಿರಿ. ಹೆಪಾರಿನ್ ನಳಿಕೆ ಬೇಡ, ಅದು ಡಿಎನ್‌ಎ ತುಣುಕನ್ನು ಅನೇಕ ಪಟ್ಟು ನಕಲು ಮಾಡುವ ಪಿಸಿಆರ್‌ಗೆ ಅಡ್ಡಿ ಮಾಡುತ್ತದೆ.

ಹಂತ 2: ಡಿಎನ್‌ಎ ಬೇರ್ಪಡಿಸಿ, ಎರಡನೇ ಎಕ್ಸಾನಿನ (ಪ್ರೋಟೀನಿನ ಸಂಕೇತವಿರುವ ಜೀನ್ ಭಾಗ) 120 ಬೇಸ್ ಜೋಡಿಗಳ ತುಣುಕನ್ನು ಪಿಸಿಆರ್‌ನಲ್ಲಿ ವೃದ್ಧಿಸಿ. ಡಿಎನ್‌ಎ ಹಾಕದ, ಬರೀ ನೀರಿನ ನಳಿಕೆಯೊಂದು ಜೊತೆಗಿರಲಿ.

ಹಂತ 3: ಕತ್ತರಿಸುವುದು. ಕೆಲಸ ಕೆಡುವುದು ಇಲ್ಲೇ. ಆತುರದಲ್ಲಿ ಕೆಡಿಸಿದವರನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಕತ್ತರಿಸುವಿಕೆ ಪೂರ್ತಿಯಾದರೆ ತಂದೆ, ತಾಯಿ ಎರಡರಿಂದಲೂ ‘ಎ’ ಪಡೆದ ಎಎ ಕುರಿಯಲ್ಲಿ 66, 37, 17ರ ತುಣುಕುಗಳು, ಬಿಬಿಯಲ್ಲಿ 103 ಮತ್ತು 17, ಎಬಿಯಲ್ಲಿ ಈ ನಾಲ್ಕೂ ಬರುತ್ತವೆ. ಅರ್ಧಂಬರ್ಧ ಕತ್ತರಿಸಿದರೆ ಎಎ ಮಾದರಿಯಲ್ಲೂ 103 ಉಳಿದು ಅದು ಎಬಿಯಂತೆಯೇ ಕಾಣುತ್ತದೆ. ತಪ್ಪು ಎಂಬ ಸುಳಿವೇ ಸಿಗುವುದಿಲ್ಲ.

17ರ ತುಣುಕು ಇಲ್ಲಿ ನಮ್ಮ ನೆರವಿಗೆ ಬರುತ್ತದೆ. ಅದನ್ನು ಬಿಡಿಸುವ ಗುರುತು ‘ಎ’, ‘ಬಿ’ ಎರಡರಲ್ಲೂ ಇದೆ. ಹೀಗಾಗಿ ಯಾವ ಮಾದರಿಯಲ್ಲೇ ಆಗಲಿ 120ರ ಪಟ್ಟಿ (ತುಣುಕುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ಮೂಡುವ ಗೆರೆ) ಕಂಡರೆ ಕಿಣ್ವ ಕೆಲಸ ಮುಗಿಸಿಲ್ಲ ಎಂದೇ ಅರ್ಥ. ಆದರೆ ಸಾಧಾರಣ ಶೇ 2ರ ಅಗರೋಸ್ ಜೆಲ್‌ನಲ್ಲಿ 120 ಮತ್ತು 103 ಒಂದರೊಳಗೊಂದು ಸೇರಿಹೋಗುತ್ತವೆ. ಪಾಲಿಅಕ್ರಿಲಮೈಡ್ ಜೆಲ್ ಹಾಕಿ. ಅದನ್ನು ತಯಾರಿಸುವ ಶ್ರಮಕ್ಕೆ ಹೆದರಬೇಡಿ. ದ್ರವರೂಪದ ಅಕ್ರಿಲಮೈಡ್ ನರಗಳಿಗೆ ವಿಷ, ಕೈಗವಸು ಕಡ್ಡಾಯ.

ಕಿಣ್ವ ಬೆರೆಸಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡಿ. ಐದೇ ನಿಮಿಷದಲ್ಲಿ ಕತ್ತರಿಸುವುದಾಗಿ ಹೇಳುವ ಕಿಣ್ವಗಳನ್ನು ನಿಮ್ಮದೇ ಮಾದರಿಯಲ್ಲಿ ಪರೀಕ್ಷಿಸದೆ ನಂಬಬೇಡಿ. ಬೇಗ ಆಗಲೆಂದು ಕಿಣ್ವವನ್ನು ಸುರಿಯುವುದೂ ತಪ್ಪು: ಅದರೊಂದಿಗಿರುವ ಗ್ಲಿಸರಾಲ್ ಹೆಚ್ಚಾದರೆ ಕಿಣ್ವ ಸಲ್ಲದ ಕಡೆಯೂ ಕತ್ತರಿಸಬಹುದು. ಒಟ್ಟು ದ್ರವದ ಹತ್ತನೇ ಒಂದು ಪಾಲನ್ನು ಕಿಣ್ವ ಮೀರಬಾರದು. ಪ್ರತಿ ಸಲವೂ ಖಚಿತವಾಗಿ ಗೊತ್ತಿರುವ ಒಂದು ಎಎ ಮಾದರಿ ಜೊತೆಗಿರಬೇಕು. ಅದರಲ್ಲಿ 103 ಕಂಡರೆ ಆ ದಿನದ ಫಲಿತಾಂಶವನ್ನೆಲ್ಲ ಕೈಬಿಡಿ.

ಹಂತ 4: ಪಟ್ಟಿಗಳನ್ನು ಓದಿ ಬರೆದುಕೊಳ್ಳಿ. 17ರದ್ದು ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ, ಚಿಂತೆ ಬೇಡ. 148ನೇ ಸ್ಥಾನದಲ್ಲಿ ಬದಲಾದ ಅಪರೂಪದ ‘ಸಿ’ ಬಗೆಯೂ ಈ ಪರೀಕ್ಷೆಯಲ್ಲಿ ‘ಎ’ ಎಂದೇ ತೋರುತ್ತದೆ.

ಹಂತ 5: ಲೆಕ್ಕ ತಾಳೆ ನೋಡಿ. 50 ಕುರಿಗಳಲ್ಲಿ ಎಎ 18, ಎಬಿ 24, ಬಿಬಿ 8 ಇವೆ ಎಂದುಕೊಳ್ಳಿ. ‘ಎ’ಯ ಪಾಲು 0.6; ಈ ಪಾಲಿನಿಂದ ಎಎ, ಎಬಿ, ಬಿಬಿ ಎಷ್ಟಿರಬೇಕೆಂದು ಲೆಕ್ಕಹಾಕುವ ಹಾರ್ಡಿ–ವೈನ್‌ಬರ್ಗ್ ಸೂತ್ರದಿಂದ ನಿರೀಕ್ಷಿಸುವ ಸಂಖ್ಯೆಗಳೂ ಇವೇ. ಎಂಟು ಎಎಗಳನ್ನು ಎಬಿ ಎಂದು ಬರೆದಿದ್ದರೆ ಎಬಿ 32 ಆಗುತ್ತದೆ, ಸೂತ್ರ ಹೇಳುವುದು ಸುಮಾರು 25. ಇಂಥ ಅಂತರ ಕಂಡಾಗ ಎಬಿ ಎಂದು ಬರೆದ ಮಾದರಿಗಳನ್ನೆಲ್ಲ ಮತ್ತೊಮ್ಮೆ ಕತ್ತರಿಸಿ ನೋಡಿ.