ವೈಫೈ ಇಲ್ಲದೆ ವೈಫೈ ಡ್ರೈವರ್ ಹುಡುಕಿದ್ದು

ಅಕ್ಕನ ಮಗಳ ಹಳೇ ಡೆಲ್ ಲ್ಯಾಪ್‌ಟಾಪ್ ಆನ್ ಆಗೋಕೇ ಐದು ನಿಮಿಷ ತೆಗೆದುಕೊಳ್ಳುತ್ತಿತ್ತು. ಹಾರ್ಡ್ ಡಿಸ್ಕ್ ಬಿಚ್ಚಿ, ಅದರ ಜಾಗಕ್ಕೆ ಅದಕ್ಕಿಂತ ವೇಗದ ಎಸ್‌ಎಸ್‌ಡಿ ಕೂರಿಸಿ, ಪೆನ್‌ಡ್ರೈವ್‌ನಿಂದ ವಿಂಡೋಸ್ 10 ಹಾಕಿದೆ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು ಅಂದುಕೊಂಡೆ.

"ಮಾಮ, ಅಕ್ಷರ ಯಾಕೆ ಹೀಗೆ ದಪ್ಪ ದಪ್ಪ ಕಾಣ್ತಿದೆ?" ಅಂದಳು. ನೋಡಿದರೆ ವೈಫೈ ಗುರುತೂ ಇಲ್ಲ, ಹಾಡು ಹಾಕಿದರೆ ಸದ್ದೂ ಇಲ್ಲ.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ, ಲ್ಯಾಪ್‌ಟಾಪ್‌ನ ಬಿಡಿಭಾಗಗಳ ಪಟ್ಟಿ ತೋರಿಸೋ ಡಿವೈಸ್ ಮ್ಯಾನೇಜರ್ ತೆರೆದೆ. ನಾಲ್ಕೈದು ಕಡೆ ಹಳದಿ ಗುರುತು. ಡಿಸ್‌ಪ್ಲೇ ಇದ್ದ ಕಡೆ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಅಂತಿತ್ತು. ಅಂದ್ರೆ ವಿಂಡೋಸ್‌ಗೆ ಗ್ರಾಫಿಕ್ಸ್ ಚಿಪ್ಪಿನ ಪರಿಚಯ ಆಗಿಲ್ಲ, ಸದ್ಯಕ್ಕೆ ಹೇಗೋ ಚಿತ್ರ ತೋರಿಸ್ತಿದೆ ಅಷ್ಟೇ. ಉಳಿದವುಗಳ ಪ್ರಾಪರ್ಟೀಸ್‌ನಲ್ಲಿ ಕೋಡ್ 28, ಡ್ರೈವರ್ ಹಾಕಿಲ್ಲ ಅಂತ. ಡ್ರೈವರ್ ಅಂದ್ರೆ ಆಯಾ ಭಾಗವನ್ನು ವಿಂಡೋಸ್ ಬಳಸೋಕೆ ಬೇಕಾದ ಚಿಕ್ಕ ಸಾಫ್ಟ್‌ವೇರ್.

ಡ್ರೈವರ್ ಬೇಕಂದ್ರೆ ನೆಟ್ ಬೇಕು, ನೆಟ್ ಬೇಕಂದ್ರೆ ವೈಫೈ ಡ್ರೈವರ್ ಬೇಕು! ಇಲ್ಲಿ ಕೈ ಹಿಡಿದದ್ದು ಮೊಬೈಲ್. ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ಫೋನಿನ ನೆಟ್ಟನ್ನು ಕೇಬಲ್ ಮೂಲಕ ಹಂಚೋ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿದೆ. ಇದಕ್ಕೆ ಬೇಕಾದ ಡ್ರೈವರ್ ವಿಂಡೋಸ್ ಒಳಗೇ ಇರುತ್ತೆ. ಫೋನ್ ಮನೆಯ ವೈಫೈನಲ್ಲಿದ್ದರೆ ಅದೇ ನೆಟ್ ಕೇಬಲ್ ಮೂಲಕ ಬರುತ್ತೆ, ಡೇಟಾ ಖರ್ಚಾಗಲ್ಲ.

ವಿಂಡೋಸ್ ಅಪ್‌ಡೇಟ್ ಓಡಿಸಿ ಕಾಫಿ ಕುಡಿದು ಬಂದೆ. ಅಷ್ಟರಲ್ಲಿ ಡಿಸ್‌ಪ್ಲೇ, ಸೌಂಡ್ ಎರಡೂ ಸರಿಹೋಗಿದ್ದವು. ವೈಫೈ ಮಾತ್ರ ಇನ್ನೂ ಗುರುತು ಸಿಗದೆ 'ನೆಟ್‌ವರ್ಕ್ ಕಂಟ್ರೋಲರ್' ಅಂತಲೇ ಕೂತಿತ್ತು.

ಇಂಥ ಹೊತ್ತಲ್ಲೇ 'ಎಲ್ಲಾ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ' ಅನ್ನೋ ಸಾಫ್ಟ್‌ವೇರ್ ಕಣ್ಣಿಗೆ ಬೀಳೋದು. ಹಿಂದೊಮ್ಮೆ ನಾನೂ ಹಾಕಿ, ಬ್ರೌಸರ್ ತುಂಬಾ ಜಾಹೀರಾತು ತುಂಬಿಸಿಕೊಂಡಿದ್ದೆ. ಈಗ ಆ ಕಡೆ ತಲೆಯೇ ಹಾಕಲ್ಲ. ಡಿವೈಸ್‌ನ ಪ್ರಾಪರ್ಟೀಸ್‌ಗೆ ಹೋಗಿ, ಡೀಟೇಲ್ಸ್‌ನಲ್ಲಿ ಹಾರ್ಡ್‌ವೇರ್ ಐಡಿ ನೋಡ್ತೀನಿ. ಅದರಲ್ಲಿ 'ವೆನ್' ಆದಮೇಲೆ ಬರುವ ನಾಲ್ಕು ಅಂಕಿ-ಅಕ್ಷರ ಚಿಪ್ ಯಾವ ಕಂಪನಿಯದು ಅಂತ ಹೇಳುತ್ತೆ. 8086 ಇದ್ದರೆ ಇಂಟೆಲ್, 10ಇಸಿ ಇದ್ದರೆ ರಿಯಲ್‌ಟೆಕ್. (ಇಂಟೆಲ್‌ನವರು 1978ರ ತಮ್ಮ ಹಳೇ ಚಿಪ್ಪಿನ ನಂಬರನ್ನೇ ಇಲ್ಲೂ ಇಟ್ಟುಕೊಂಡಿದ್ದಾರೆ!) ಇಲ್ಲಿ 14ಇ4 ಇತ್ತು, ಅಂದ್ರೆ ಬ್ರಾಡ್‌ಕಾಮ್.

ಇನ್ನು ಡೆಲ್ ಸೈಟಿಗೆ ಸರ್ವಿಸ್ ಟ್ಯಾಗ್, ಅಂದ್ರೆ ಆ ಲ್ಯಾಪ್‌ಟಾಪ್‌ನ ಗುರುತಿನ ಸಂಖ್ಯೆ ಕೊಡಬೇಕು. ಅಡಿಯ ಸ್ಟಿಕ್ಕರ್ ಸವೆದು ಬಿಳಿಯಾಗಿತ್ತು. ರೀಸ್ಟಾರ್ಟ್ ಮಾಡಿ, ಡೆಲ್ ಲೋಗೋ ಬಂದಾಗ ಎಫ್2 ಒತ್ತಿದರೆ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲೇ ತೆರೆಯೋ ಸೆಟ್ಟಿಂಗ್ ಪರದೆ) ಅದೇ ಟ್ಯಾಗ್ ಸಿಕ್ಕಿತು. ಸೈಟಿನಲ್ಲಿ ಎರಡು ಮೂರು ಬೇರೆ ಬೇರೆ ವೈಫೈ ಡ್ರೈವರ್ ಇದ್ದವು. ಬ್ರಾಡ್‌ಕಾಮ್‌ದನ್ನು ಹಾಕಿದೆ, ವೈಫೈ ಬಂತು.

ಒಂದು 'ಅನ್‌ನೋನ್ ಡಿವೈಸ್' ಉಳಿಯಿತು. ಐಡಿಯಲ್ಲಿ ಎಸ್‌ಎಂಒ 8810. ಹುಡುಕಿದರೆ, ಲ್ಯಾಪ್‌ಟಾಪ್ ಕೈಜಾರಿ ಬೀಳೋದನ್ನು ಪತ್ತೆಹಚ್ಚಿ ಹಾರ್ಡ್ ಡಿಸ್ಕ್ ಉಳಿಸೋ ಸೆನ್ಸರ್! ಆ ಹಾರ್ಡ್ ಡಿಸ್ಕನ್ನೇ ನಾನು ಬಿಚ್ಚಿಟ್ಟಿದ್ದೆನಲ್ಲ. ಎಸ್‌ಎಸ್‌ಡಿಯಲ್ಲಿ ತಿರುಗೋ ಭಾಗವೇ ಇಲ್ಲ, ಇದಕ್ಕೆ ಕೆಲಸವೂ ಇಲ್ಲ. ಆದರೂ ಹಳದಿ ಗುರುತು ಕಣ್ಣಿಗೆ ಚುಚ್ಚುತ್ತೆ ಅಂತ ಅದಕ್ಕೂ ಡ್ರೈವರ್ ಹಾಕಿದೆ.

ಕೊನೆಗೆ ವಿಂಡೋಸ್‌ನಲ್ಲೇ ಇರೋ ಪಿಎನ್‌ಪಿಯುಟಿಲ್ ಕಮಾಂಡ್‌ನ ಎಕ್ಸ್‌ಪೋರ್ಟ್-ಡ್ರೈವರ್‌ನಿಂದ ಹೊರಗಿನಿಂದ ಹಾಕಿದ ಡ್ರೈವರ್‌ಗಳನ್ನೆಲ್ಲ ಒಂದು ಪೆನ್‌ಡ್ರೈವ್‌ಗೆ ತೆಗೆದಿಟ್ಟೆ. ಮುಂದಿನ ಸಲ ಡಿವೈಸ್ ಮ್ಯಾನೇಜರ್‌ಗೆ ಆ ಫೋಲ್ಡರ್ ತೋರಿಸಿದರೆ ಸಾಕು. ಪೆನ್‌ಡ್ರೈವ್ ಅವಳ ಕೈಗೆ ಕೊಟ್ಟಿಲ್ಲ. ಕೊಟ್ಟರೆ ಎಲ್ಲಾ ಅಳಿಸಿ ಸಿನಿಮಾ ತುಂಬಿಸ್ತಾಳೆ.