ನೋಸ್ ವೀಲ್ ನಡುಕ ನಿಲ್ಲಿಸಿದ ಬುಷ್

ನನ್ನ ಎರಡು ಸೀಟಿನ ವಿಮಾನದ ನೋಸ್ ವೀಲ್, ಅಂದರೆ ಮೂತಿಯ ಕೆಳಗಿನ ಚಕ್ರ, ಈಗ ನಡುಗುವುದಿಲ್ಲ. ಹೊಸ ಬುಷ್ (ಚಕ್ರದ ಎರಡು ಬೇರಿಂಗ್‌ಗಳ ನಡುವೆ ಕೂರುವ ಲೋಹದ ಕೊಳವೆ) ಹಾಕಿದ ಮೇಲೆ ಹೆಚ್ಚುಕಡಿಮೆ 60 ಗಂಟೆ ಹಾರಿರಬೇಕು. "ಕ್ಯಾಸ್ಟರಿಂಗ್ ಚಕ್ರ ಅಂದಮೇಲೆ ಶಿಮ್ಮಿ ಇದ್ದದ್ದೇ, ಸುಮ್ನೆ ಡ್ಯಾಂಪರ್ ತರಿಸಿ ಸಾರ್" ಅನ್ನುತ್ತಿದ್ದ ಹ್ಯಾಂಗರ್ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕ್ಯಾಸ್ಟರಿಂಗ್ ಅಂದರೆ ತಾನಾಗಿ ಅತ್ತಿತ್ತ ಹೊರಳುವುದು, ಶಿಮ್ಮಿ ಅಂದರೆ ಈ ನಡುಕ, ಡ್ಯಾಂಪರ್ ಅಂದರೆ ಅದನ್ನು ತಡೆಯುವ ಸಾಧನ.

ವಿಮಾನ ಬೆಂಗಳೂರಿನ ಜಕ್ಕೂರು ಏರೋಡ್ರೋಮ್‌ನಲ್ಲಿ, ನಾನು ಚಿಕ್ಕಮಗಳೂರಿನಲ್ಲಿ. ಹಾಗಾಗಿ ಫೋರ್ಕ್ ಸಮೇತ ಚಕ್ರ ಬಿಚ್ಚಿ ಕಾರಿನ ಡಿಕ್ಕಿಗೆ ಹಾಕಿಕೊಂಡು ಬಂದು ಇಲ್ಲಿ ಕೆಲಸ ಮಾಡುವುದು. ತೊಂದರೆ ಹೀಗಿತ್ತು: ವಿಮಾನ ಇಳಿದು ವೇಗ ಕಮ್ಮಿಯಾಗುತ್ತಾ 20-25 ನಾಟ್‌ಗೆ ಬಂದಾಗ ಪೆಡಲ್‌ವರೆಗೂ ದಡದಡ. ಜಕ್ಕೂರು 3,000 ಅಡಿ ಎತ್ತರದಲ್ಲಿದೆ, ಇಳಿಯುವ ವೇಗ ಜಾಸ್ತಿ, ಅದಕ್ಕೇ ಹೀಗೆ ಅಂದರು ಒಬ್ಬರು. ವೇಗ ಇರುವಾಗ ತೆಪ್ಪಗಿದ್ದು ನಿಧಾನವಾದಾಗ ನಡುಗುವ ಚಕ್ರಕ್ಕೆ ಎತ್ತರದ ನೆಪ ಯಾಕೆ?

ಡ್ಯಾಂಪರ್‌ಗೆ ಹೊರಗಿಂದ ತರಿಸುವ ಖರ್ಚು, ಕಸ್ಟಮ್ಸ್ ಎಲ್ಲ ಸೇರಿ 45 ಸಾವಿರ ಚಿಲ್ಲರೆ ಅಂದರು. ಬೈಕಿನ ಸ್ಟೀರಿಂಗ್ ಡ್ಯಾಂಪರ್ 3 ಸಾವಿರಕ್ಕೆ ತಂದು ಕ್ಲಾಂಪ್ ಮಾಡಿ ವಿಮಾನವನ್ನು ನೆಲದ ಮೇಲೆ ಓಡಿಸಿ ನೋಡಿದೆ. ತಿರುವಿನಲ್ಲಿ ಚಕ್ರ ಪೂರ್ತಿ ಹೊರಳುವಷ್ಟು ಉದ್ದವೇ ಇರಲಿಲ್ಲ. ಟೈರಿನ ಗಾಳಿ 35ರಿಂದ 25 ಪಿಎಸ್‌ಐಗೆ ಇಳಿಸಿದೆ, ನಡುಕ ಶುರುವಾಗುವ ವೇಗ ಬದಲಾಯಿತು ಅಷ್ಟೆ. ಟೈರು ಬ್ಯಾಲೆನ್ಸ್ ಮಾಡಿ ರಿಮ್‌ಗೆ ಸೀಸ ಅಂಟಿಸಿದ್ದರಿಂದ ಸ್ವಲ್ಪ ಗುಣ ಕಂಡಿತು. ಅದನ್ನು ಹಾಗೇ ಬಿಟ್ಟಿದ್ದೇನೆ.

ಫೋರ್ಕ್ ಪಕ್ಕಕ್ಕೆ ಎಷ್ಟು ಬಿಗಿಯಾಗಿ ಹೊರಳುತ್ತದೆ ಅನ್ನುವುದನ್ನು ಎಲ್ಲರೂ ನೋಡುತ್ತಾರೆ, ಆದರೆ ಕೈ ಅಂದಾಜಿನಲ್ಲಿ. ನಾನು ಕಾಳುಮೆಣಸು ತೂಗುವ ಡಿಜಿಟಲ್ ಕೊಕ್ಕೆ ತಕ್ಕಡಿ ಬಳಸುತ್ತೇನೆ. ಬಾಲಕ್ಕೆ ಮರಳುಮೂಟೆ ಕಟ್ಟಿ ಮೂತಿ ಎತ್ತಿಸಿ, ಆಕ್ಸಲ್‌ಗೆ ಕೊಕ್ಕೆ ಹಾಕಿ ಅಡ್ಡಕ್ಕೆ ಎಳೆಯುವುದು. ನನ್ನದು 10-11 ಕೆ.ಜಿ.ಗೆ ಹೊರಳಬೇಕು. ಈ ಬಿಗಿ ಕೊಡುವ, ಸ್ಪ್ರಿಂಗಿನಂತೆ ಒತ್ತುವ ಡಿಸ್ಕ್ ವಾಷರ್ ಹೊಸದಾಗಿ ಹಾಕಿದ್ದರೆ ಕೆಲವು ಇಳಿತಗಳಲ್ಲೇ 7ಕ್ಕೆ ಬಂದಿರುತ್ತದೆ, ಮತ್ತೆ ಬಿಗಿ ಮಾಡಿ. ವಾಷರ್‌ಗಳ ನಡುವೆ ಏನು ಸವರುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಇಷ್ಟಾದರೂ ನಡುಕ ಪೂರ್ತಿ ಹೋಗಲಿಲ್ಲ. ಕಳ್ಳ ಇದ್ದದ್ದು ಚಕ್ರದ ನಡುಭಾಗವಾದ ಹಬ್ಬಿನಲ್ಲಿ. ಆಕ್ಸಲ್ ಬೋಲ್ಟ್ ಬಿಗಿ ಮಾಡಿದರೆ ಎರಡೂ ಟೇಪರ್ ಬೇರಿಂಗ್ ಹಿಸುಕಿಕೊಂಡು ಚಕ್ರ ಹಿಡಿಯುತ್ತಿತ್ತು. ಸಡಿಲ ಬಿಟ್ಟರೆ ಚಕ್ರ ಅಲ್ಲಾಡುತ್ತದೆ, ಬೇರಿಂಗಿನ ಒಳಬಳೆ ಆಕ್ಸಲ್ ಮೇಲೇ ಸುತ್ತಿ ಗೀರು ಬೀಳುತ್ತದೆ. ಹಿಡಿಯುವ ಚಕ್ರವಂತೂ ತನ್ನನ್ನು ಹೊತ್ತ ವಿಮಾನದ ಕಾಲನ್ನೇ ಹಿಂದಕ್ಕೆ ಎಳೆಯುತ್ತದೆ. ಹುಲ್ಲಿನ ಪಟ್ಟಿಯಲ್ಲಿ ಕಾಲು ಮಡಚಿ ಮೂತಿ ನೆಲಕ್ಕೆ ಹೋಗಲು ಅದಕ್ಕಿಂತ ಇನ್ನೇನು ಬೇಕು?

ಎರಡು ಒಳಬಳೆಗಳ ನಡುವೆ ಸರಿಯಾದ ಉದ್ದದ ಬುಷ್ ಕೂರಿಸಿದರೆ ಬೋಲ್ಟಿನ ಬಿಗಿ ಬುಷ್ ಮೇಲೆ ಹೋಗುತ್ತದೆ, ಬೇರಿಂಗ್ ಮೇಲಲ್ಲ. "ಅಷ್ಟು ಅಳತೆಗೆ ಯಾರು ಮಾಡಿಕೊಡ್ತಾರೆ" ಎಂದು ನಕ್ಕರು. ನಮ್ಮೂರಲ್ಲಿ ಕಾಫಿ ಪಲ್ಪರ್ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ರಿಪೇರಿ ಮಾಡುವ ಲೇತ್‌ನವರಿದ್ದಾರೆ. ಹಬ್ ಕೈಗಿಟ್ಟರೆ ತಿರುಗಿಸಿ ನೋಡಿ, "ಸಾರ್, ಇದು ಯಾವ ಕಂಪನಿ ಪಲ್ಪರ್‌ದು?" ಅಂದರು.

ಮೊದಲ ಬುಷ್ ಅಲ್ಯೂಮಿನಿಯಂ. ತೂಕ ಉಳಿಯಿತು, ಆದರೆ ಬೋಲ್ಟಿಗೆ ಟಾರ್ಕ್ ಹಾಕಿ ಬಿಗಿ ಮಾಡಿದಾಗ ಅದೇ ಅದುಮಿಕೊಂಡು ಅಳತೆ ಕೆಟ್ಟಿತು. ಆಮೇಲೆ ಇಎನ್8 ಉಕ್ಕು. ಬೇಕೆಂದೇ ಸ್ವಲ್ಪ ಉದ್ದ ಬಿಟ್ಟು ಲೇತ್ ಪಕ್ಕದಲ್ಲೇ ನಿಂತೆ. ಬುಷ್‌ನ ತುದಿಯನ್ನು ಒಂದೆರಡು ಥೌ (ಇಂಚಿನ ಸಾವಿರದ ಒಂದು ಭಾಗ) ಹೊಡೆಯುವುದು, ಜೋಡಿಸುವುದು, ಪೂರ್ತಿ ಟಾರ್ಕ್ ಹಾಕುವುದು, ಟೈರು ಹಿಡಿದು ಅಲ್ಲಾಡಿಸುವುದು, ಬಿಚ್ಚುವುದು, ಮತ್ತೆ ಲೇತ್‌ಗೆ. ಕೊನೆಗೆ ಕಟಕಟ ಸದ್ದು ಹೋಗಿ ಬೆರಳಲ್ಲಿ ತಳ್ಳಿದರೆ ಚಕ್ರ ಸಲೀಸಾಗಿ ತಿರುಗುವ ಜಾಗ ಸಿಕ್ಕಿತು. ಅಲ್ಲಿ ನಿಲ್ಲಿಸಬೇಕು, ಇನ್ನೊಂದು ಸಲ ಹೊಡೆದರೆ ಬುಷ್ ಗುಜರಿಗೆ. ಕೂಲಿ, ಉಕ್ಕು ಸೇರಿ 600 ರೂಪಾಯಿ. ಲಾಗ್ ಬುಕ್, ಸಹಿ, ಅದೆಲ್ಲ ನಿಮಗೆ ಗೊತ್ತಿದ್ದದ್ದೇ.

ಮಳೆಗಾಲದಲ್ಲಿ ಚಕ್ರದ ಮೇಲಿನ ಕವಚವಾದ ವೀಲ್ ಪ್ಯಾಂಟ್ ಕಳಚಿಡುತ್ತೇನೆ, ಒಳಗೆ ಕೆಸರು ತುಂಬಿ ಟೈರಿಗೆ ಉಜ್ಜುತ್ತದೆ. ಬೇರಿಂಗಿನ ಗ್ರೀಸ್ ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ನುಗ್ಗಿದೆ ಅಂತಲೇ ಲೆಕ್ಕ. ಸೀಲ್ ಬದಲಿಸಿ, ತೊಳೆದು ಹೊಸದು ತುಂಬಿ.

ನಕ್ಕವರೇ ಈಗ ಬುಷ್ ಅಳತೆ ಕೇಳುತ್ತಿದ್ದಾರೆ. ಅಳತೆ ಕೊಟ್ಟು ಉಪಯೋಗವಿಲ್ಲ, ಹಬ್ಬಿನಿಂದ ಹಬ್ಬಿಗೆ ಬೇರೆ. ಬೇರಿಂಗ್ ಸಮೇತ ಹಬ್ ತನ್ನಿ, ಮಾಡಿಸಿಕೊಡುತ್ತೇನೆ. ಡಿಸೆಂಬರ್, ಜನವರಿ ಬಿಟ್ಟು ಬನ್ನಿ. ಕಾಫಿ ಕೊಯ್ಲಿನಲ್ಲಿ ಲೇತ್ ಮುಂದೆ ಪಲ್ಪರ್‌ಗಳ ಸಾಲು ನಿಂತಿರುತ್ತದೆ, ವಿಮಾನದ ಚಕ್ರವನ್ನು ಯಾರೂ ಮೂಸಿ ನೋಡುವುದಿಲ್ಲ.