ಕಡುಬು ಉಂಡು ಫಸ್ಟ್ ಶೋಗೆ

ಮಳೆಗಾಲದ ಭಾನುವಾರ ಕಡುಬು ಮಾಡಿ ಸಿನಿಮಾಕ್ಕೂ ಹೋಗೋಣವೆಂದು ಹೊರಟ ಮನೆಗಳಲ್ಲಿ ಕೆಡುವುದು ಸಾಮಾನ್ಯವಾಗಿ ಒಂದೇ ಕಡೆ, ತರಿ ಉಕ್ಕರಿಸುವಲ್ಲಿ, ಅಂದರೆ ಒಡೆದ ಅಕ್ಕಿಯನ್ನು ಕುದಿಯುವ ನೀರಿಗೆ ಹಾಕಿ ಬೇಯಿಸುವಲ್ಲಿ. ಹನ್ನೊಂದಕ್ಕೆ ಒಲೆ ಹಚ್ಚಿ ಒಂದೂವರೆಯ ಮ್ಯಾಟ್ನಿಗೆ ಓಡುವ ಲೆಕ್ಕವಿದ್ದರೆ ತರಿ ಅರಳುವ ಮೊದಲೇ ಉಂಡೆ ಕಟ್ಟಿಬಿಡುತ್ತಾರೆ. ಆಮೇಲೆ ಎಷ್ಟು ಹಬೆ ಕೊಟ್ಟರೂ ನಡುವೆ ಮರಳು ಸಿಕ್ಕಂತೆ ಆಗುತ್ತದೆ. ಹಾಗಾಗಿ ಮೊದಲ ಹಂತ ಟಿಕೆಟ್: ನಾಲ್ಕೂವರೆ ಆಸುಪಾಸಿನ ಫಸ್ಟ್ ಶೋಗೆ ತೆಗೆದುಕೊಳ್ಳಿ. ಉಂಡು ಒಂದು ಗಳಿಗೆ ಅಡ್ಡಾಗಲೂ ಸಮಯ ಸಿಗುತ್ತದೆ. ಕಡುಬು ಉಂಡ ಕೂಡಲೇ ಥಿಯೇಟರಿನ ಕತ್ತಲಲ್ಲಿ ಕೂತವರು ಇಂಟರ್‌ವಲ್‌ವರೆಗೆ ಏಳುವುದಿಲ್ಲ.

ಗುರುವಾರ: ಕಳಲೆ

ಕಡುಬಿಗೆ ಕಳಲೆ (ಎಳೆ ಬಿದಿರು)–ಹೆಸರುಕಾಳಿನ ಸಾರು ಬೇಕಾದರೆ ಗುರುವಾರವೇ ಶುರು ಮಾಡಬೇಕು. ಗಟ್ಟಿ ಸಿಪ್ಪೆ ಸುಲಿದು, ಸೌತೆಕಾಯಿಯಷ್ಟು ಸಲೀಸಾಗಿ ಕೊಯ್ಯಲು ಬರುವ ಎಳೆ ಭಾಗವನ್ನಷ್ಟೇ ತೆಳ್ಳಗೆ ಹೆಚ್ಚಿ ನೀರಲ್ಲಿ ಮುಳುಗಿಸಿಡಿ. ಮೂರು ದಿನ, ದಿನಕ್ಕೊಮ್ಮೆ ನೀರು ಬದಲಿಸಿ. ಹಸಿ ಕಳಲೆಯಲ್ಲಿ ಸೈನೈಡ್ ಬಿಡುವ ಅಂಶವಿದೆ. ಅದು ನೀರಿಗೆ ಇಳಿಯಬೇಕೆಂದೇ ತೆಳ್ಳಗೆ ಹೆಚ್ಚುವುದು. ಬಸಿದ ನೀರನ್ನು ಅಕ್ಕಚ್ಚಿನ ಬಾನಿಗೆ ಸುರಿಯಬೇಡಿ, ದನಕ್ಕೂ ಅದು ವಿಷವೇ. ಸಂತೆಯಲ್ಲಿ ಹೆಚ್ಚಿಟ್ಟ ಕಳಲೆ ತಂದರೆ ಎಷ್ಟು ದಿನ ನೆನೆದಿದೆ ಎಂದು ಕೇಳಿ. ಸರಿಯಾದ ಉತ್ತರ ಬರದಿದ್ದರೆ ಹೊಸದಾಗಿ ಕೊಯ್ದದ್ದೆಂದೇ ತಿಳಿದು ಮೂರು ದಿನ ನೆನೆಸಿ.

ಶನಿವಾರ: ತರಿ

ನಾಲ್ಕು ಜನಕ್ಕೆ ಎರಡು ಲೋಟ ದೋಸೆ ಅಕ್ಕಿ ಸಾಕು. ತೊಳೆದು, ಬಸಿದು, ಬಟ್ಟೆಯ ಮೇಲೆ ಹರವಿ ಫ್ಯಾನ್ ಕೆಳಗೆ ಒಣಗಿಸಿ. ಮಲೆನಾಡಿನ ಮಳೆಯಲ್ಲಿ ಬಿಸಿಲಿಗೆ ಕಾದು ಪ್ರಯೋಜನವಿಲ್ಲ. ಪೂರ್ತಿ ಆರಿದ ಮೇಲೆ ಮಿಕ್ಸಿಯಲ್ಲಿ ಒಂದೊಂದು ಹಿಡಿ ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಉಪ್ಪಿಟ್ಟಿನ ರವೆಗಿಂತ ಒಂಚೂರು ದಪ್ಪ ಇರಲಿ. ಜರಡಿ ಹಿಡಿದು ನುಣ್ಣನೆ ಹಿಟ್ಟನ್ನು ದೋಸೆಗೆ ಎತ್ತಿಡಿ. ಅದು ತರಿಯಲ್ಲೇ ಉಳಿದರೆ ಕಡುಬು ಅಂಟಂಟಾಗುತ್ತದೆ. ಪ್ಯಾಕೆಟ್ ಇಡ್ಲಿ ರವೆ ಬೇಡ. ಅದು ಹೆಚ್ಚಾಗಿ ಕುಸುಬಲು ಅಕ್ಕಿಯದು. ಉಂಡೆ ಹಿಡಿಯದೆ ಉದುರುತ್ತದೆ.

ಭಾನುವಾರ: ಉಕ್ಕರಿಸುವುದು

ಇಲ್ಲಿ ಫೋನ್ ಪಕ್ಕಕ್ಕಿಡಿ. ಒಂದು ಲೋಟ ತರಿಗೆ ಎರಡೂಕಾಲು ಲೋಟ ನೀರು. ಹೊಸ ಅಕ್ಕಿಯಾದರೆ ಎರಡೇ ಸಾಕು, ಅದು ಕಡಿಮೆ ನೀರು ಕುಡಿಯುತ್ತದೆ. ದಪ್ಪ ತಳದ ಪಾತ್ರೆಯಲ್ಲಿ ನೀರಿಗೆ ಉಪ್ಪು, ಒಂದು ಚಮಚ ತುಪ್ಪ ಹಾಕಿ. ನೀರು ಮಗುಚಿ ಮಗುಚಿ ಕುದಿಯಬೇಕು. ಬರೀ ಬಿಸಿಯಾದ ನೀರಿಗೆ ತರಿ ಸುರಿದರೆ ತಳಕ್ಕಿಳಿದು ಹತ್ತುತ್ತದೆ. ಒಂದು ಕೈಯಲ್ಲಿ ತರಿಯನ್ನು ಮಳೆಯಂತೆ ಉದುರಿಸುತ್ತಾ, ಇನ್ನೊಂದು ಕೈಯಲ್ಲಿ ಸೌಟಿನ ಹಿಡಿಯಿಂದ ತಿರುಗಿಸಿ. ಸೌಟಿನ ಬಟ್ಟಲಿಗಿಂತ ಹಿಡಿಗೆ ಗಂಟು ಬೇಗ ಒಡೆಯುತ್ತದೆ.

ನೀರು ಇಂಗಿದಂತೆ ಕಂಡಾಗ ಎಲ್ಲರೂ ಒಲೆ ಆರಿಸುತ್ತಾರೆ. ಆರಿಸಬೇಡಿ. ಉರಿ ಪೂರ್ತಿ ಸಣ್ಣ ಮಾಡಿ, ಮುಚ್ಚಿ, ಎಂಟು–ಹತ್ತು ನಿಮಿಷ ಬಿಡಿ. ನಡುವೆ ಎರಡು ಸಲ ತಳದಿಂದ ಮಗುಚಿ. ಒದ್ದೆ ಬೆರಳಲ್ಲಿ ಚಿಟಿಕೆ ತೆಗೆದು ಹೊಸಕಿ ನೋಡಿ. ಬೆರಳಿಗೆ ಅಂಟದೆ, ಕಾಳಿನ ನಡುವೆ ಸಾಸಿವೆಯಷ್ಟೂ ಗಟ್ಟಿ ಉಳಿಯದಿದ್ದರೆ ಸರಿಯಾಯಿತು. ಗಟ್ಟಿ ಸಿಕ್ಕಿದರೆ ಕಾಲು ಲೋಟ ಬಿಸಿನೀರು ಚಿಮುಕಿಸಿ ಮತ್ತೆ ಮುಚ್ಚಿ. ತಣ್ಣೀರು ಹಾಕಿದರೆ ಮೇಲುಭಾಗ ಜಿಗುಟಾಗಿ ಒಳಗೆ ಹಸಿ ಉಳಿಯುತ್ತದೆ. ಆರಿಸಿದ ಮೇಲೂ ಹತ್ತು ನಿಮಿಷ ಮುಚ್ಚಳ ತೆಗೆಯಬೇಡಿ.

ಕೈ ತಡೆಯುವಷ್ಟು ಬಿಸಿಯಿದ್ದಾಗಲೇ, ತಣ್ಣೀರಲ್ಲಿ ಅಂಗೈ ಅದ್ದುತ್ತಾ ನಾದಿ, ದೊಡ್ಡ ನಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಮಾಡಿ. ಮೈಯಲ್ಲಿ ಬಿರುಕು ಬಂದರೆ ಹಿಟ್ಟು ಆರಿದೆ ಎಂದರ್ಥ. ಅಂಥದ್ದು ಹಬೆಯಲ್ಲಿ ಒಡೆಯುತ್ತದೆ. ಉಳಿದ ಹಿಟ್ಟನ್ನು ಒದ್ದೆ ಬಟ್ಟೆಯಿಂದ ಮುಚ್ಚಿಡಿ. ಪ್ರತಿ ಉಂಡೆಯ ನಡುವೆ ಹೆಬ್ಬೆರಳಿಂದ ಒಂದು ಗುಳಿ ಒತ್ತಿದರೆ ಒಳಗೂ ಸಮನಾಗಿ ಬೇಯುತ್ತದೆ.

ಹಬೆ ಪಾತ್ರೆಯ ನೀರಿಗೆ ಒಂದು ನಾಣ್ಯ ಹಾಕಿ. ಕುದಿಯುವಷ್ಟು ಹೊತ್ತೂ ಅದು ಗಲಗಲ ಅನ್ನುತ್ತದೆ, ಸದ್ದು ನಿಂತರೆ ನೀರು ಬತ್ತಿದೆ. ಸದ್ದು ಶುರುವಾದ ಮೇಲೆ ಕಡುಬು ಇಟ್ಟು, ಮುಚ್ಚಳಕ್ಕೆ ಬಟ್ಟೆ ಕಟ್ಟಿ ಹದಿನೆಂಟು ನಿಮಿಷ ಬೇಯಿಸಿ. ಬಟ್ಟೆ ಇಲ್ಲದಿದ್ದರೆ ಹನಿ ಬಿದ್ದು ಮೇಲ್ಭಾಗ ಗಂಜಿಯಾಗುತ್ತದೆ.

ಸಾರಿಗೆ ಹೆಚ್ಚು ಹೇಳುವುದಿಲ್ಲ. ಕಳಲೆಯನ್ನು ಹೊಸ ನೀರಲ್ಲಿ, ಮುಚ್ಚಳ ಹಾಕದೆ, ಇಪ್ಪತ್ತು ನಿಮಿಷ ಕುದಿಸಿ ಬಸಿಯಿರಿ. ಮೊಳಕೆ ಬರಿಸಿದ ಹೆಸರುಕಾಳು ಬೇಯಿಸಿ ಅದಕ್ಕೆ ಸೇರಿಸಿ. ಕಾಯಿ, ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಹುಣಸೆ ರುಬ್ಬಿ ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಡಿ. ಚಳಿಯಲ್ಲಿ ಮೊಳಕೆ ನಿಧಾನ. ಕಾಳನ್ನು ಶುಕ್ರವಾರ ಬೆಳಗ್ಗೆ ನೆನೆಸಿ ರಾತ್ರಿಗೇ ಬಟ್ಟೆಯಲ್ಲಿ ಕಟ್ಟಿ.

ಸಿನಿಮಾಕ್ಕೆ ಹೊರಡುವ ಮೊದಲು ನಾಲ್ಕು ಕಡುಬು ಎತ್ತಿಡಿ. ಆರಿ ಗಟ್ಟಿಯಾದ ಕಡುಬನ್ನು ಬಂದ ಮೇಲೆ ಬಿಲ್ಲೆಯಾಗಿ ಕೊಯ್ದು, ಸಾಸಿವೆ, ಕರಿಬೇವು, ಹಸಿಮೆಣಸಿನ ಒಗ್ಗರಣೆಯಲ್ಲಿ ಕೆಂಪಗೆ ಮಾಡಿ. ಬಿಸಿಯಿದ್ದಾಗ ಕೊಯ್ದರೆ ಪುಡಿಯಾಗುತ್ತದೆ.